ಕಲಬುರಗಿಗೆ ಬಂದವರು ಎಲ್ಲಿ, ಯಾವ ಹೊತ್ತಿಗೆ ಉಣ್ಣಬೇಕು?

ಹೈಕೋರ್ಟ್ ಪೀಠದ ಕೆಲಸಕ್ಕೆ ಬರುವವರು, ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಬರುವವರು, ಆಸ್ಪತ್ರೆಗೆ ಮಂದಿಯನ್ನು ಕರೆತರುವವರು, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಕೋಟೆ ನೋಡಲು ಬರುವವರು ಎಲ್ಲರೂ ಒಂದೇ ಮಾತು ಕೇಳುತ್ತಾರೆ: ‘ಕಲಬುರಗ್ಯಾಗ ಎಲ್ಲಿ ಉಣ್ಣೋದ್ರಿ?’ ಅವರಿಗೆ ಬೇಕಾಗಿರುವುದು ಐದಾರು ಹೋಟೆಲುಗಳ ಹೆಸರು. ಅಂಥ ಪಟ್ಟಿ ಇಲ್ಲಿ ಸಿಗುವುದಿಲ್ಲ, ಅದಕ್ಕೆ ಕಾರಣವಿದೆ. ಖಾನಾವಳಿಯ ರುಚಿ ಇರುವುದು ರೊಟ್ಟಿ ಬಡಿಯುವ ಅಕ್ಕನ ಕೈಯಲ್ಲಿ. ಆಕೆ ಕೆಲಸ ಬಿಟ್ಟು ಬೇರೆಡೆ ಹೋದರೂ ಬೋರ್ಡು ಅದೇ ಇರುತ್ತದೆ, ಹೆಸರು ಕೇಳಿ ಬಂದವರಿಗೆ ಸಿಗುವ ರೊಟ್ಟಿ ಮಾತ್ರ ಬೇರೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಈ ಊರಿನ ಒಂದೊಂದು ಅಡುಗೆಗೂ ಒಂದೊಂದು ಹೊತ್ತಿದೆ. ಮಧ್ಯಾಹ್ನ 1 ಗಂಟೆಗೆ ಹೂವಿನಂತಿದ್ದ ರೊಟ್ಟಿ ಅದೇ ಖಾನಾವಳಿಯಲ್ಲಿ 4 ಗಂಟೆಗೆ ತೊಗಲಾಗಿರುತ್ತದೆ. ಬೆಳಿಗ್ಗೆ ಹಬೆಯಾಡುತ್ತಿದ್ದ ತಹಾರಿಯ (ಮಾಂಸದ ಅನ್ನದ) ಡೇಗ್ಚಿ, ಅಂದರೆ ದೊಡ್ಡ ಪಾತ್ರೆ, ಮಧ್ಯಾಹ್ನಕ್ಕೆ ತಳ ಕಾಣಿಸುತ್ತದೆ. ಆದ್ದರಿಂದ ಯಾವ ಹೋಟೆಲು ಎನ್ನುವ ಮೊದಲು ಯಾವ ಹೊತ್ತು ಎಂದು ಕೇಳಿಕೊಳ್ಳಿ. ಜಾಗ ಆರಿಸುವುದನ್ನು ಆಮೇಲೆ ಕಲಿಯಬಹುದು, ಅದೇನು ಕಷ್ಟದ ಕೆಲಸವಲ್ಲ.

ಬರುವ ಮೊದಲು ಮೂರು ಮಾತು ತಿಳಿದಿರಲಿ. ಖಾನಾವಳಿ ಎಂದರೆ ಊಟ ಮಾತ್ರ ಸಿಗುವ ಜಾಗ, ಅಲ್ಲಿ ಇಡ್ಲಿ-ದೋಸೆ ಕೇಳಬೇಡಿ. ಇಲ್ಲಿ ಹೋಟೆಲು ಎಂದರೆ ಬಹಳ ಸಲ ಚಹಾ-ತಿಂಡಿಯ ಜಾಗ. ಇನ್ನು ಹಿಂಡಿ ಎಂದರೆ ಚಟ್ನಿಪುಡಿ. ಮೈಸೂರು ಕಡೆಯಿಂದ ಬಂದವರಿಗೆ ಹಿಂಡಿ ಅಂದರೆ ದನದ ಮೇವು, ಹಾಗಾಗಿ ತಾಟಿಗೆ ‘ಶೇಂಗಾ ಹಿಂಡಿ ಹಾಕ್ಲೇನ್ರಿ?’ ಎಂದು ಕೇಳಿದಾಗ ಗಾಬರಿಯಾಗುವವರಿದ್ದಾರೆ. ಹಾಕಿಸಿಕೊಳ್ಳಿ.

ಹಂತ 1: ಊರಿಗೆ ಇಳಿಯುವ ಹೊತ್ತನ್ನು ಮೊದಲು ನೋಡಿ

ಬೆಂಗಳೂರಿನಿಂದ ರಾತ್ರಿ ಬಂಡಿ ಅಥವಾ ಸ್ಲೀಪರ್ ಬಸ್ಸಿನಲ್ಲಿ ಬಂದರೆ ಬೆಳಿಗ್ಗೆ ಇಳಿಯುತ್ತೀರಿ. ಅದು ಒಳ್ಳೆಯದೇ, ತಿಂಡಿಯ ಹೊತ್ತಿಗೆ ಸರಿಯಾಗುತ್ತದೆ. 2024ರ ಮಾರ್ಚ್‌ನಲ್ಲಿ ಶುರುವಾದ ವಂದೇ ಭಾರತ್‌ನಲ್ಲಿ ಬೆಂಗಳೂರಿನಿಂದ ಬರುವವರು ಮಾತ್ರ ಎಚ್ಚರ. ಆ ಗಾಡಿ ಮಧ್ಯಾಹ್ನ ಹೊರಟು ಕಲಬುರಗಿ ಮುಟ್ಟುವಾಗ ಮಧ್ಯರಾತ್ರಿ ಹತ್ತಿರ ಬಂದಿರುತ್ತದೆ. ‘ಇಳಿದ ಮೇಲೆ ಬಿಸಿ ರೊಟ್ಟಿ ಉಂಡರಾಯಿತು’ ಎಂದುಕೊಂಡು ಬಂದರೆ ಬಾಗಿಲು ಹಾಕಿದ ಖಾನಾವಳಿ ನೋಡಿ ಮಲಗಬೇಕಾಗುತ್ತದೆ. ಆ ರಾತ್ರಿ ಊಟ ಗಾಡಿಯಲ್ಲೇ ಮುಗಿಸಿ.

ವಿಮಾನ ಓಡುತ್ತಿರುವಾಗ ಅದರಲ್ಲಿ ಬರುವವರು ಇಳಿಯುವುದು ಊರ ಹೊರಗೆ, ಶ್ರೀನಿವಾಸ ಸರಡಗಿ ಕಡೆ. ಅಲ್ಲಿಂದ ಊರೊಳಗೆ ಬರಲು ಅರ್ಧ ಗಂಟೆ ಹಿಡಿಯಿರಿ. ಮಧ್ಯಾಹ್ನ 3 ದಾಟಿದ ಮೇಲೆ ಊರು ಸೇರುವಂತಿದ್ದರೆ ಖಾನಾವಳಿಯ ಆಸೆ ರಾತ್ರಿಗೆ ಮುಂದೂಡಿ.

ಅಂದಾಜು ಹೊತ್ತು ಹೀಗೆ ಇಟ್ಟುಕೊಳ್ಳಿ. ಸುಸ್ಲಾ ಮತ್ತು ಬೇರೆ ತಿಂಡಿಗೆ ಬೆಳಿಗ್ಗೆ 7ರಿಂದ 10. ತಹಾರಿಗೂ ಬೆಳಿಗ್ಗೆಯೇ, ಡೇಗ್ಚಿ ಇಳಿಸಿದ ಹೊತ್ತಿಗೆ. ಖಾನಾವಳಿ ಊಟಕ್ಕೆ 12.30ರಿಂದ 2. ಮಿರ್ಚಿ ಭಜಿಗೆ ಸಂಜೆ 5ರಿಂದ 7. ರಾತ್ರಿ ಊಟಕ್ಕೆ 8ರಿಂದ 9.30. ಈ ಹೊತ್ತಿಗಿಂತ ಆಚೀಚೆ ಬಾಗಿಲು ತೆರೆದಿರುತ್ತದೆ, ಆದರೆ ತಾಟಿಗೆ ಬೀಳುವುದು ಉಳಿದದ್ದು.

ಬೇಸಿಗೆಯಲ್ಲಿ ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿ. ಏಪ್ರಿಲ್-ಮೇನಲ್ಲಿ ಬಿಸಿಲು 42-43 ಡಿಗ್ರಿ ದಾಟುವುದು ಇಲ್ಲಿ ವಿಶೇಷವೇನಲ್ಲ. ಮಧ್ಯಾಹ್ನ 1.30ಕ್ಕೆ ಆಟೋ ಹುಡುಕುತ್ತ ನಿಂತರೆ ಹಸಿವೇ ಸತ್ತುಹೋಗುತ್ತದೆ. 12.30ಕ್ಕೇ ಊಟಕ್ಕೆ ಕುಳಿತು, ಉಂಡು, ನೆರಳು ಸೇರಿಬಿಡಿ.

ಹಂತ 2: ಬೆಳಿಗ್ಗೆ ಇಡ್ಲಿ ಹುಡುಕಬೇಡಿ, ಸುಸ್ಲಾ ಕೇಳಿ

ಇಡ್ಲಿ, ವಡೆ, ಪೂರಿ, ಉಪ್ಪಿಟ್ಟು ಸ್ಟೇಷನ್ ರೋಡಿನಿಂದ ಸೂಪರ್ ಮಾರ್ಕೆಟ್‌ವರೆಗೆ ಎಲ್ಲೆಲ್ಲೂ ಸಿಗುತ್ತವೆ, ನಿಮ್ಮ ಊರಿನಲ್ಲೂ ಸಿಗುತ್ತವೆ. ಇಲ್ಲಿ ತಿನ್ನಬೇಕಾದದ್ದು ಸುಸ್ಲಾ. ಚುರುಮುರಿಯನ್ನು, ಅಂದರೆ ಮಂಡಕ್ಕಿಯನ್ನು, ನೀರಲ್ಲಿ ಅದ್ದಿ, ಆ ನೀರು ಹಿಂಡಿ ತೆಗೆದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು (ಹುರಿಗಡಲೆ ಪುಡಿ) ಉದುರಿಸಿ ಕಲೆಸುತ್ತಾರೆ. ಹುಳಿಗೆ ನಿಂಬೆಹಣ್ಣು ಅಥವಾ ಹುಣಸೆ. ಜೊತೆಗೆ ಒಂದೋ ಎರಡೋ ಮಿರ್ಚಿ.

ಸುಸ್ಲಾ ಕೆಡುವುದು ಎರಡು ಕಡೆ. ಚುರುಮುರಿ ನೀರಲ್ಲಿ ಎರಡು ಗಳಿಗೆ ಹೆಚ್ಚು ನಿಂತರೂ ಮುದ್ದೆಯಾಗುತ್ತದೆ, ಮಾಡಿಟ್ಟು ಅರ್ಧ ಗಂಟೆ ಕಳೆದರೆ ಬಿರುಸಾಗುತ್ತದೆ. ಆದ್ದರಿಂದ ಬಾಗಿಲಲ್ಲೇ ನಿಂತು ಪಾತ್ರೆಯ ಕಡೆ ಒಂದು ನೋಟ ಹಾಯಿಸಿ. ಕಾಳುಕಾಳಾಗಿ ಬಿಡಿಬಿಡಿಯಾಗಿದ್ದು, ಪುಟಾಣಿ ಹಿಟ್ಟು ಇನ್ನೂ ಒಣಗಿದಂತೆ ಕಂಡರೆ ಕೂಡಿ. ಹಳದಿ ಗುಡ್ಡೆಯಂತೆ ಅಂಟಿಕೊಂಡಿದ್ದರೆ ಮುಂದಿನ ಗಾಡಿಗೆ ಹೋಗಿ. ಸಣ್ಣ ತಳ್ಳುಗಾಡಿಯಲ್ಲಿ ಬೇಗ ಖರ್ಚಾಗುವುದರಿಂದ ಗಳಿಗೆಗೊಮ್ಮೆ ಹೊಸದು ಕಲೆಸುತ್ತಾರೆ. ಈ ಒಂದು ತಿಂಡಿಯ ಮಟ್ಟಿಗೆ ದೊಡ್ಡ ಹೋಟೆಲಿಗಿಂತ ಗಾಡಿಯೇ ವಾಸಿ.

ಮಿರ್ಚಿ ಆರಿಸುವಾಗ ಬಣ್ಣ ನೋಡಿ. ಉದ್ದದ, ತಿಳಿ ಹಸಿರಿನ, ದಪ್ಪ ಮೆಣಸಿನಕಾಯಿ ಖಾರ ಕಡಿಮೆ. ಸಣ್ಣದು, ಕಡು ಹಸಿರಿನದು ಕಣ್ಣಲ್ಲಿ ನೀರು ತರಿಸುತ್ತದೆ. ಹಿಟ್ಟಿನ ಅಂಗಿ ಕಪ್ಪಗಾಗಿದ್ದರೆ ಎಣ್ಣೆ ಹಳೆಯದು ಎಂದು ತಿಳಿಯಿರಿ.

ಹಂತ 3: ತಹಾರಿ, ಕೇಳಿ ತಿನ್ನಬೇಕಾದದ್ದು

ಮಾಂಸ ತಿನ್ನುವವರು ಕಲಬುರಗಿಯ ತಹಾರಿ ತಿನ್ನದೆ ಹೋಗಬಾರದು. ಬಿರಿಯಾನಿಗೂ ಇದಕ್ಕೂ ಒಂದು ವ್ಯತ್ಯಾಸ. ಬಿರಿಯಾನಿಯಲ್ಲಿ ಮಾಂಸ, ಅರೆಬೆಂದ ಅಕ್ಕಿ ಎರಡನ್ನೂ ಪದರ ಪದರವಾಗಿ ಹಾಕಿ ದಮ್ ಕಟ್ಟುತ್ತಾರೆ. ತಹಾರಿಯಲ್ಲಿ ಮಾಂಸ ಬೆಂದ ಮಸಾಲೆ ನೀರಿಗೇ ಅಕ್ಕಿ ಸುರಿದು ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ, ಹಾಗಾಗಿ ಪ್ರತಿ ಅಗುಳಿಗೂ ಅರಿಸಿನದ ಬಣ್ಣ, ಮಾಂಸದ ಜಿಡ್ಡು ಹತ್ತಿರುತ್ತದೆ. ಬೆಲೆಯೂ ಬಿರಿಯಾನಿಗಿಂತ ಕೈಗೆಟುಕುವಂಥದ್ದು. ದುಡಿಯಲು ಹೋಗುವವರು ಬೆಳಿಗ್ಗೆಯೇ ಹೊಟ್ಟೆ ತುಂಬ ತಿಂದು ಹೊರಡುವ ಊಟ ಇದು.

ಹುಡುಕಬೇಕಾದ ಜಾಗ ಮುಸ್ಲಿಂ ಚೌಕ್, ರೋಜಾ (ದರ್ಗಾದ ಸುತ್ತಲಿನ ಬಡಾವಣೆ) ಮತ್ತು ಹಳೇ ಬಜಾರಿನ ಓಣಿಗಳು. ಮುಂದೆ ದೊಡ್ಡ ಡೇಗ್ಚಿ, ಸುತ್ತ ನಿಂತ ಜನ, ಒಳಗೆ ನಾಲ್ಕು ಬೆಂಚು ಕಂಡರೆ ಸಾಕು.

ಹೊರಗಿನಿಂದ ಬಂದವರು ಎಡವುವುದು ಇಲ್ಲಿಯೇ, ಗಮನವಿಡಿ. ಬೋರ್ಡಿನ ಮೇಲೆ ಬರೀ ‘ತಹಾರಿ’ ಎಂದಿರುತ್ತದೆ, ಯಾವ ಮಾಂಸ ಎಂದು ಬರೆದಿರುವುದಿಲ್ಲ. ಇಲ್ಲಿನ ದಖ್ಖನಿ ಮಾತಿನಲ್ಲಿ ‘ಛೋಟೇ ಕಾ’ ಎಂದರೆ ಕುರಿ-ಮೇಕೆ, ‘ಬಡೇ ಕಾ’ ಎಂದರೆ ಎಮ್ಮೆ-ಕೋಣದಂಥ ದೊಡ್ಡ ಪ್ರಾಣಿಯದು. ಅದನ್ನು ತಿನ್ನದವರು ಕೂಡುವ ಮೊದಲೇ ‘ಭಾಯ್, ಛೋಟೇ ಕಾ ಹೈ ಯಾ ಬಡೇ ಕಾ?’ ಎಂದು ಕೇಳಿ. ದಿನಾ ಬರುವ ಪ್ರಶ್ನೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಮುಚ್ಚಿಡುವುದೂ ಇಲ್ಲ. ಕೇಳದೆ ತಿಂದು ಆಮೇಲೆ ಮುಖ ಕಿವುಚುವುದು ಸರಿಯಲ್ಲ. ಕನ್ನಡದಲ್ಲಿ ಕೇಳಿದರೂ ಉತ್ತರ ಸಿಗುತ್ತದೆ, ಈ ಊರಿನಲ್ಲಿ ಎರಡೂ ಭಾಷೆ ಒಂದೇ ಉಸಿರಿನಲ್ಲಿ ನಡೆಯುತ್ತವೆ.

ಡೇಗ್ಚಿಯ ಬಾಯಿ ಆಗಷ್ಟೇ ತೆಗೆದಿದ್ದರೆ ಮೇಲಿನ ಅನ್ನ ಹಗುರ, ಮಾಂಸ ಕಡಿಮೆ. ನಡುವಿನದು ಎಲ್ಲಕ್ಕಿಂತ ಚೆನ್ನ. ತಳದ್ದರಲ್ಲಿ ಎಣ್ಣೆ ಜಾಸ್ತಿ, ಒಮ್ಮೊಮ್ಮೆ ಸೀದ ವಾಸನೆ. ‘ಬೀಚ್ ಕಾ ದೇವ್ ಭಾಯ್’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಒಬ್ಬರಿಗೆ ಅರ್ಧ ಪ್ಲೇಟು ಸಾಕಾಗುತ್ತದೆ. ಫುಲ್ ಹೇಳಿಬಿಟ್ಟರೆ ಮಧ್ಯಾಹ್ನದ ರೊಟ್ಟಿಗೆ ಹೊಟ್ಟೆಯಲ್ಲಿ ಜಾಗ ಉಳಿಯುವುದಿಲ್ಲ. ಆಮೇಲೆ ಅಲ್ಲೇ ಪಕ್ಕದಲ್ಲಿ ಒಂದು ಇರಾನಿ ಚಹಾ.

ರಂಜಾನ್ ತಿಂಗಳಲ್ಲಿ ಈ ಹಂತ ಪೂರ್ತಿ ತಲೆಕೆಳಗು. ಹಗಲು ಈ ಓಣಿಗಳಲ್ಲಿ ಬಹಳಷ್ಟು ಬಾಗಿಲು ಹಾಕಿರುತ್ತವೆ. ಸೂರ್ಯ ಮುಳುಗಿದ ಮೇಲೆ ತೆರೆದು ತಡರಾತ್ರಿಯವರೆಗೂ ನಡೆಯುತ್ತವೆ, ಹಲೀಮ್ ಕೂಡ ಸಿಗುತ್ತದೆ.

ಹಂತ 4: ಖಾನಾವಳಿ ಆರಿಸುವುದು

ಈ ಹಂತವೇ ಮುಖ್ಯ, ಸ್ವಲ್ಪ ನಿಧಾನವಾಗಿ ಓದಿ.

ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಅಂಟು ಇರುವುದಿಲ್ಲ. ಎಸರು (ಕುದಿಯುವ ನೀರು) ಹಾಕಿ ನಾದಿದರೆ ಮಾತ್ರ ಹಿಟ್ಟು ಹೊಂದಿಕೊಳ್ಳುತ್ತದೆ, ಆ ಹೊಂದಿಕೆಯೂ ಬಿಸಿ ಇರುವವರೆಗೆ. ಹಂಚಿನಿಂದ ಇಳಿದ ರೊಟ್ಟಿ ನಾಲ್ಕೈದು ನಿಮಿಷ ಮೃದುವಾಗಿರುತ್ತದೆ. ಆಮೇಲೆ ಬಿಗಿದುಕೊಂಡು ತೊಗಲಾಗುತ್ತದೆ. ಬೇರೆ ಊಟಕ್ಕೆ ಬಿಸಿ ಎನ್ನುವುದು ಒಂದು ಸೊಗಸು, ಜೋಳದ ರೊಟ್ಟಿಗೆ ಅದೇ ಜೀವ. ಹಾಗಾಗಿ ಖಾನಾವಳಿ ಆರಿಸುವುದು ಎಂದರೆ ಹಂಚಿಗೂ ತಾಟಿಗೂ ಎಷ್ಟು ಹೆಜ್ಜೆ ದೂರ ಎಂದು ಅಳೆಯುವುದು.

ಬಾಗಿಲಲ್ಲಿ ನಿಂತು ಇಷ್ಟು ನೋಡಿ.

ಮೊದಲು ಕಿವಿಗೊಡಿ. ಒಳಗಿನಿಂದ ರೊಟ್ಟಿ ಬಡಿಯುವ ಟಪ್ ಟಪ್ ಸದ್ದು ಕೇಳಬೇಕು. ಕೇಳದಿದ್ದರೆ ‘ರೊಟ್ಟಿ ಬಡಿಲತ್ತಾರೇನ್ರಿ?’ ಎಂದು ಗಲ್ಲಾದಲ್ಲಿ ಕುಳಿತವರನ್ನು ಕೇಳಿ. ‘ಬಡಿಲತ್ತಾರ್ರಿ, ಕೂಡ್ರಿ’ ಎಂದರೆ ಒಳಗೆ ಹೋಗಿ. ‘ಬೇಕಾದಷ್ಟು ಅವ್ರಿ, ಕೂಡ್ರಿ’ ಎಂದರೆ ಬುಟ್ಟಿಯಲ್ಲಿ ಬಡಿದಿಟ್ಟ ರೊಟ್ಟಿ ಇದೆ ಎಂದರ್ಥ. ಉತ್ತರ ಎರಡರಲ್ಲೂ ಮರ್ಯಾದೆಯದ್ದೇ, ಅರ್ಥ ಮಾತ್ರ ಬೇರೆ.

ಆಮೇಲೆ ಉಣ್ಣುತ್ತಿರುವವರ ತಾಟು ನೋಡಿ. ಕೈಯಲ್ಲಿ ಬಡಿದ ರೊಟ್ಟಿಯ ಅಂಚು ಅಲ್ಲಲ್ಲಿ ಸೀಳಿರುತ್ತದೆ, ಮೇಲೆ ಬೆರಳಿನ ಗುರುತು, ಸುಟ್ಟ ಚುಕ್ಕೆ ಇರುತ್ತವೆ. ಕಂಪಾಸು ಹಾಕಿ ಬರೆದಂತೆ ಎಲ್ಲವೂ ಒಂದೇ ಅಳತೆಗೆ ದುಂಡಗಿದ್ದರೆ ಅದು ಮಷಿನ್ ರೊಟ್ಟಿ. ಚಪಾತಿಯಂತೆ ನಾಲ್ಕು ಮಡಿಕೆಗೂ ಸೀಳದೆ ಬಗ್ಗಿದರೆ ಗೋಧಿ ಹಿಟ್ಟು ಬೆರೆಸಿರಬಹುದು. ಗೋಧಿ ಒಗ್ಗದವರು ಇದನ್ನು ಬಾಯಿಬಿಟ್ಟು ಕೇಳಿಯೇ ಉಣ್ಣಬೇಕು.

ಬಣ್ಣವೂ ಮಾತಾಡುತ್ತದೆ. ಹಿಂಗಾರಿನಲ್ಲಿ ಕಪ್ಪು ನೆಲದಲ್ಲಿ ಬೆಳೆಯುವ ಮಾಲ್ದಂಡಿ ಜೋಳದ ರೊಟ್ಟಿ ಬೆಳ್ಳಗೆ, ಸಣ್ಣ ಸಿಹಿ. ಮುಂಗಾರಿನ ಹೈಬ್ರಿಡ್ ಜೋಳದ್ದು ಮಾಸಲು, ಒರಟು. ತುತ್ತು ಬಾಯಿಗಿಟ್ಟಾಗ ಕಹಿ ಹತ್ತಿದರೆ ಹಿಟ್ಟು ಬೀಸಿ ಬಹಳ ದಿನವಾಗಿದೆ. ಜೋಳದ ಹಿಟ್ಟು ಕೆಲವು ವಾರದಲ್ಲೇ ಕಹಿಯಾಗುತ್ತದೆ, ಪಲ್ಯದ ಖಾರ ಅದನ್ನು ಮುಚ್ಚಲಾರದು.

ಜಾಗಗಳ ವಿಷಯ. ಬಸ್ ನಿಲ್ದಾಣದ ಸುತ್ತ, ಸೂಪರ್ ಮಾರ್ಕೆಟ್-ಜಗತ್ ವೃತ್ತದ ನಡುವೆ, ಕೋರ್ಟು ಮತ್ತು ಸರಕಾರಿ ಕಚೇರಿಗಳ ಹತ್ತಿರ ಖಾನಾವಳಿಗಳು ಹೆಚ್ಚು. ಇವುಗಳಲ್ಲಿ ಕಚೇರಿಗಳ ಹತ್ತಿರದ್ದನ್ನು ಮೊದಲು ನೋಡಿ. ದಿನಾ ಅದೇ ನೌಕರರು, ಅದೇ ವಕೀಲರು ಬಂದು ಉಣ್ಣುವ ಜಾಗದಲ್ಲಿ ಅಡುಗೆ ಕೆಟ್ಟರೆ ಮರುದಿನವೇ ಬೆಂಚು ಖಾಲಿಯಾಗುತ್ತದೆ. ಒಮ್ಮೆ ಬಂದವರು ಮತ್ತೆ ಬಾರದ ಬಸ್ ನಿಲ್ದಾಣದ ಎದುರಿಗೆ ಆ ಅಂಜಿಕೆ ಇರುವುದಿಲ್ಲ. ನೆಹರು ಗಂಜಿನ ಕಡೆ (ಧಾನ್ಯದ ಮಾರುಕಟ್ಟೆ) ಕೆಲಸವಿದ್ದವರು ಹಮಾಲರೂ ರೈತರೂ ಉಣ್ಣುವ ಜಾಗ ಹುಡುಕಿ. ಅಲ್ಲಿ ಕುರ್ಚಿ-ಮೇಜಿನ ಅಂದಚಂದ ಇಲ್ಲದಿದ್ದರೂ ರೊಟ್ಟಿ ದಪ್ಪ, ಬಿಸಿ.

ಬೋರ್ಡು ಓದುವ ರೀತಿ: ‘ಲಿಂಗಾಯತ ಖಾನಾವಳಿ’ ಅಥವಾ ‘ಶುದ್ಧ ಶಾಕಾಹಾರಿ’ ಎಂದಿದ್ದರೆ ಮಾಂಸ, ಮೊಟ್ಟೆ ಇಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮಾತ್ರ ಧಾರಾಳ. ಅವೆರಡನ್ನೂ ಬಿಟ್ಟವರಿಗೆ ಖಾನಾವಳಿ ಕಷ್ಟ, ಹಿಂಡಿಯಲ್ಲೂ ಬೆಳ್ಳುಳ್ಳಿ ಇರುತ್ತದೆ. ಅಂಥವರು ಬಿಸಿ ರೊಟ್ಟಿ, ಮೊಸರು, ಸೌತೆಕಾಯಿ ಹಾಕಿಸಿಕೊಳ್ಳಬಹುದು. ‘ಸಾವಜಿ’ ಎಂದಿದ್ದರೆ ಮಾಂಸದೂಟ, ಅದೂ ಉರಿಖಾರದ್ದು.

ಸಣ್ಣ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಒಂದು ಮಾತು. ಖಾನಾವಳಿಯ ಬೆಂಚು, ಹೊಗೆ, ಕಾಯುವುದು ಅವರಿಗೆ ಹಿಡಿಸದಿರಬಹುದು. ಸ್ಟೇಷನ್ ರೋಡಿನ ಕಡೆ ಎ.ಸಿ. ಇರುವ, ಗಾಡಿ ನಿಲ್ಲಿಸಲು ಜಾಗವಿರುವ, ಶೌಚಾಲಯ ಚೊಕ್ಕವಿರುವ ಹೋಟೆಲುಗಳಿವೆ, ಅಲ್ಲಿಗೆ ಹೋಗಿ. ಅಲ್ಲಿ ‘ಉತ್ತರ ಕರ್ನಾಟಕ ಊಟ’ ಹೇಳಬೇಡಿ. ಅಡುಗೆಮನೆಯಿಂದ ನಿಮ್ಮ ಮೇಜಿಗೆ ಬರುವಷ್ಟರಲ್ಲಿ ರೊಟ್ಟಿ ತಣ್ಣಗಾಗಿರುತ್ತದೆ. ಅನ್ನ, ಬ್ಯಾಳಿ, ಚಪಾತಿ ಹೇಳಿ, ಅವು ಚೆನ್ನಾಗಿರುತ್ತವೆ.

ಹಂತ 5: ತಾಟಿನ ಮುಂದೆ

ಕೂಡುವ ಮೊದಲು ಎರಡು ವಿಷಯ ಕೇಳಿಕೊಳ್ಳಿ. ರೊಟ್ಟಿ ಲೆಕ್ಕವೋ, ಹೊಟ್ಟೆ ತುಂಬವೋ? ಕೆಲವು ಕಡೆ ಊಟಕ್ಕೆ ಎರಡೋ ಮೂರೋ ರೊಟ್ಟಿ, ಮೇಲಿನದಕ್ಕೆ ಬೇರೆ ದುಡ್ಡು. ಕೆಲವು ಕಡೆ ಬೇಕಾದಷ್ಟು. ಎರಡನೆಯದು, ಕೂಪನ್ ಮೊದಲೇ ತೆಗೆದುಕೊಳ್ಳಬೇಕೋ, ಉಂಡ ಮೇಲೆ ಕೊಡಬೇಕೋ? ಫೋನಿನಲ್ಲಿ ದುಡ್ಡು ಎಲ್ಲ ಕಡೆ ನಡೆಯುತ್ತದೆ, ಆದರೂ ನೆಟ್‌ವರ್ಕ್ ಕೈಕೊಟ್ಟಾಗ ಜೇಬಿನಲ್ಲಿ ಚಿಲ್ಲರೆ ಇರಲಿ.

ತಾಟಿನಲ್ಲಿ ಏನೇನು ಬರುತ್ತದೆ? ಎಣ್ಣೆಗಾಯಿ ಬಹುತೇಕ ಇದ್ದೇ ಇರುತ್ತದೆ. ಸಣ್ಣ ಬದನೆಕಾಯಿ ನಾಲ್ಕಾಗಿ ಸೀಳಿ, ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿಯ ಮಸಾಲೆ ತುಂಬಿದ್ದು. ಬದನೆಕಾಯಿ ಬಿಡಿಸಿ ಒಳಗೆ ನೋಡಿ. ಬೀಜ ಕಪ್ಪಾಗಿದ್ದರೆ ಕಾಯಿ ಬಲಿತದ್ದು, ಕಹಿಯಿರುತ್ತದೆ, ಬರೀ ಮಸಾಲೆ ಹಚ್ಚಿಕೊಂಡು ಉಣ್ಣಿ. ಜೊತೆಗೆ ಮಡಕಿ ಕಾಳು ಅಥವಾ ಹೆಸರು ಕಾಳಿನ ಪಲ್ಯ, ಖಾರಬ್ಯಾಳಿ (ಖಾರ ಹಾಕಿದ ತೊಗರಿ ಬೇಳೆ), ಝುಣಕ (ಕಡಲೆ ಹಿಟ್ಟಿನ ಗಟ್ಟಿ ಪಲ್ಯ), ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯದ ಎಳೆ ತಪ್ಪಲು.

ಪುಂಡಿ ಪಲ್ಯ ಇದ್ದರೆ ಬೇರೆಲ್ಲವನ್ನೂ ಬದಿಗಿಡಿ. ಹುಳಿ ಇರುವ ಪುಂಡಿ ಸೊಪ್ಪನ್ನು ಜೋಳದ ನುಚ್ಚು, ಒಂದು ಹಿಡಿ ತೊಗರಿ ಬೇಳೆ, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ ಗಟ್ಟಿಯಾಗಿ ಕಡೆದು, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಎಣ್ಣೆ ಹಾಕುತ್ತಾರೆ. ಆಂಧ್ರದ ಗೊಂಗೂರ ಇದೇ ಸೊಪ್ಪು, ಪಾಕ ಮಾತ್ರ ಬೇರೆ. ನುಚ್ಚು ಹಾಕುವುದರಿಂದ ಹುಳಿ ಒಡೆದು ಕಾಣದೆ ಹದಕ್ಕೆ ಬರುತ್ತದೆ. ಮಳೆಗಾಲದಿಂದ ಚಳಿಗಾಲದವರೆಗೆ ಎಳೆ ಸೊಪ್ಪು ಸಿಗುವಾಗ ಇದರ ರುಚಿಯೇ ರುಚಿ. ಎಲ್ಲ ಖಾನಾವಳಿಯಲ್ಲಿ ದಿನವೂ ಇರುವುದಿಲ್ಲ, ‘ಇವತ್ತ ಪುಂಡಿಪಲ್ಯ ಅದ ಏನ್ರಿ?’ ಎಂದು ಕೇಳುವುದು ನಿಮ್ಮ ಕೆಲಸ.

ಉಣ್ಣುವ ಕ್ರಮ:

1. ಒಮ್ಮೆಗೆ ಒಂದೇ ರೊಟ್ಟಿ ಹಾಕಿಸಿಕೊಳ್ಳಿ. ಬಡಿಸುವವರು ಎರಡು ಹಾಕಲು ಬಂದರೆ ‘ಒಂದ ಸಾಕ್ರೀ ಅಣ್ಣಾರ, ಆಮ್ಯಾಲ ಬಿಸಿದು ಕೊಡ್ರಿ’ ಎನ್ನಿ. ಎರಡನೆಯದು ತಾಟಿನಲ್ಲಿ ಕುಳಿತು ತಣ್ಣಗಾಗುವುದಕ್ಕಿಂತ ಹಂಚಿನ ಮೇಲಿರುವುದೇ ಒಳ್ಳೆಯದು.

2. ಮೊದಲ ರೊಟ್ಟಿಗೆ ಪಲ್ಯ, ಕಾಳು. ಹಿಂಡಿಯನ್ನು ಮೊಸರಿನಲ್ಲಿ ಕಲೆಸಿಕೊಳ್ಳಿ, ಒಣಗಿದ್ದು ಹಾಗೆಯೇ ತಿಂದರೆ ಗಂಟಲಿಗೆ ಹತ್ತುತ್ತದೆ.

3. ಹೊಸಬರಿಗೆ ಎರಡು ರೊಟ್ಟಿ ತುಂಬಾಯಿತು. ಜೋಳ ಹೊಟ್ಟೆಯಲ್ಲಿ ನಿಧಾನ ಕರಗುತ್ತದೆ, ಉಂಡು ಹತ್ತು ನಿಮಿಷದ ಮೇಲೆ ತುಂಬಿದ್ದು ಗೊತ್ತಾಗುತ್ತದೆ. ಪಕ್ಕದವರು ನಾಲ್ಕು ಉಣ್ಣುತ್ತಿದ್ದಾರೆಂದು ನೀವೂ ಹಟಕ್ಕೆ ಬಿದ್ದರೆ ಮಧ್ಯಾಹ್ನದ ಕೋಟೆ ನೋಡುವ ಕೆಲಸ ಕೆಟ್ಟಿತು.

4. ಕೊನೆಗೆ ಅನ್ನ-ಸಾರು, ಸ್ವಲ್ಪ. ಮೊದಲೇ ಅನ್ನ ಕೇಳಿದರೆ ಊಟ ಮುಗಿಯಿತೆಂದು ತಿಳಿದು ರೊಟ್ಟಿ ತರುವುದನ್ನು ನಿಲ್ಲಿಸುತ್ತಾರೆ. ಬೆಂಗಳೂರು, ಮೈಸೂರು ಕಡೆಯವರು ಇಲ್ಲಿ ತಪ್ಪದೆ ಎಡವುತ್ತಾರೆ.

5. ತಾಟಿನಲ್ಲಿ ರೊಟ್ಟಿ ಬಿಡಬೇಡಿ. ಒಂದೊಂದನ್ನೂ ಕೈಯಲ್ಲಿ ಬಡಿದವರು ಒಳಗೇ ಕುಳಿತಿರುತ್ತಾರೆ.

ಗಟ್ಟಿಯಾದ, ಹಪ್ಪಳದಂಥ ರೊಟ್ಟಿ ಕೊಟ್ಟರೆ ಕೆಟ್ಟದ್ದು ಕೊಟ್ಟರೆಂದು ಜಗಳ ತೆಗೆಯಬೇಡಿ. ಅದು ಕಟಕ್ ರೊಟ್ಟಿ, ತೆಳ್ಳಗೆ ಬಡಿದು ಬೇಯಿಸಿ ಒಣಗಿಸಿದ್ದು. ಮುರಿದು ಎಣ್ಣೆಗಾಯಿಯ ರಸದಲ್ಲಿ ಅದ್ದಿಟ್ಟು ಒಂದು ನಿಮಿಷ ಬಿಟ್ಟು ಉಣ್ಣಬೇಕು. ಬಿಸಿ ರೊಟ್ಟಿ ತಣ್ಣಗಾಗಿ ತೊಗಲಾದದ್ದು ಬೇರೆ, ಕಟಕ್ ರೊಟ್ಟಿ ಬೇರೆ. ಮುರಿದಾಗ ಪಟ್ ಎಂದರೆ ಕಟಕ್, ಎಳೆದಾಗ ಜಗ್ಗಿದರೆ ಹಳೆಯದು.

ಹಂತ 6: ಖಾರಕ್ಕೆ ಅಂಜುವವರಿಗೆ

‘ಖಾರ ಕಡಿಮೆ ಹಾಕ್ರಿ’ ಎಂದು ಖಾನಾವಳಿಯಲ್ಲಿ ಹೇಳಿ ಉಪಯೋಗವಿಲ್ಲ. ಪಲ್ಯ ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಆಗಿರುತ್ತದೆ, ನಿಮಗಾಗಿ ಬೇರೆ ಮಾಡುವವರಿಲ್ಲ. ಅದರ ಬದಲು ಮೊಸರು ಇನ್ನೊಂದು ಬಟ್ಟಲು ಹೇಳಿ, ಎಣ್ಣೆಗಾಯಿಯ ಮೇಲೆ ತೇಲುವ ಕೆಂಪೆಣ್ಣೆಯನ್ನು ಚಮಚದಿಂದ ಬದಿಗೆ ಸರಿಸಿ, ಖಾರ ಅದರಲ್ಲೇ ಹೆಚ್ಚು ಇಳಿದಿರುತ್ತದೆ. ಝುಣಕ, ಹೆಸರು ಕಾಳು ಕಡಿಮೆ ಖಾರದವು. ಬಾಯಿ ಉರಿದಾಗ ನೀರು ಕುಡಿದರೆ ಉರಿ ಬಾಯಿ ತುಂಬ ಹರಡುತ್ತದೆ. ಮಜ್ಜಿಗೆ ಅಥವಾ ಒಂದು ಚೂರು ಬೆಲ್ಲ ವಾಸಿ.

ನೀರಿನ ವಿಷಯಕ್ಕೆ: ಇಲ್ಲಿನ ಬೋರ್‌ವೆಲ್ ನೀರು ಗಡಸು, ಒಗ್ಗದವರು ಬಾಟಲಿ ನೀರು ಕುಡಿಯಿರಿ. ರಸ್ತೆ ಬದಿಯ ಮಜ್ಜಿಗೆ, ಶರಬತ್ತಿಗೆ ಹಾಕುವ ಐಸಿನಿಂದ ಬೇಸಿಗೆಯಲ್ಲಿ ದೂರವಿರಿ.

ಹಂತ 7: ಯಾವ ದಿನ ಬರಬಾರದು

ಎಳ್ಳ ಅಮಾವಾಸ್ಯೆಯ ದಿನ (ಡಿಸೆಂಬರ್ ಅಥವಾ ಜನವರಿಯಲ್ಲಿ ಬರುತ್ತದೆ) ಊರೆಲ್ಲ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಹಲವು ಕಾಳು-ಸೊಪ್ಪು ಕೂಡಿಸಿ ಮಾಡಿದ ಭಜ್ಜಿ ಕಟ್ಟಿಕೊಂಡು ಹೊಲದಲ್ಲಿ ಚರಗ ಚೆಲ್ಲಿ (ಬೆಳೆಗೆ ಎಡೆಯ ಅನ್ನ ಎರಚಿ) ಅಲ್ಲೇ ಉಣ್ಣುವ ಹಬ್ಬ. ಖಾನಾವಳಿ ಬಹುತೇಕ ಬಂದ್. ಪರಿಚಯದವರಿದ್ದರೆ ಇದೇ ಬರಬೇಕಾದ ದಿನ, ಹೊಲಕ್ಕೆ ಕರೆದರೆ ಎರಡನೇ ಮಾತಾಡದೆ ಹೋಗಿ. ಪರಿಚಯದವರಿಲ್ಲದಿದ್ದರೆ ಬಿಸ್ಕೀಟು ಗತಿ.

ಹೋಳಿ ಹುಣ್ಣಿಮೆ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆ, ಇಸ್ಲಾಮಿ ಪಂಚಾಂಗದ ಜುಲ್‌ಖಾದಾ ತಿಂಗಳ 15ರಿಂದ ನಡೆಯುವ ಬಂದೇನವಾಜ್ ಉರುಸು, ಈ ಎರಡು ಸಮಯದಲ್ಲಿ ಲಾಡ್ಜೂ ಸಿಗುವುದು ಕಷ್ಟ, ಖಾನಾವಳಿಯಲ್ಲಿ ಜಾಗವೂ ಕಷ್ಟ. ಉರುಸಿನ ತಾರೀಖು ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಕಳೆದ ವರ್ಷದ ಲೆಕ್ಕ ಹಿಡಿದು ಬರಬೇಡಿ. ಶ್ರಾವಣದಲ್ಲಿ ಮಾಂಸದ ಖಾನಾವಳಿಗಳ ವ್ಯಾಪಾರ ಇಳಿಯುತ್ತದೆ, ಆಗ ಅಲ್ಲಿ ಹೊಸ ಅಡುಗೆ ಸಿಗುವ ಭರವಸೆ ಕಡಿಮೆ.

ಹಂತ 8: ಸಂಜೆ ಮತ್ತು ರಾತ್ರಿ

ಸಂಜೆ ಬಿಸಿಲು ಇಳಿದ ಮೇಲೆ ಸೂಪರ್ ಮಾರ್ಕೆಟ್ ಕಡೆ ಭಜಿ, ಚುರುಮುರಿ ಗಾಡಿಗಳು, ಮುಸ್ಲಿಂ ಚೌಕ್ ಕಡೆ ಕೆಂಡದ ಮೇಲೆ ಕಬಾಬ್. ರಾತ್ರಿ ಖಾನಾವಳಿಗೆ ಹೋಗುವುದಾದರೆ 8ಕ್ಕೆ ಹೋಗಿ. ಮಧ್ಯಾಹ್ನದ ಪಲ್ಯವನ್ನೇ ಬಿಸಿ ಮಾಡಿ ಬಡಿಸುವ ಜಾಗಗಳೂ ಇವೆ. ಎಣ್ಣೆಗಾಯಿ ಮಟ್ಟಿಗೆ ಅದು ದೋಷವಲ್ಲ, ಕುಳಿತಷ್ಟೂ ಮಸಾಲೆ ಹಿಡಿಯುತ್ತದೆ. ಸೊಪ್ಪಿನ ಪಲ್ಯ, ಮೊಸರು ಮಾತ್ರ ನೋಡಿ ಹಾಕಿಸಿಕೊಳ್ಳಿ.

ಸಿಹಿಗೆ ಮಾಲಪುರಿ ಹುಡುಕಿ. ಇದು ಉತ್ತರ ಭಾರತದ ಮಾಲ್ಪುವಾ ಅಲ್ಲ, ಖೋವಾ ಹಾಕಿ ಮಾಡುವ ಕಲಬುರಗಿಯ ಸಿಹಿ. ಖೋವಾ ಇರುವುದರಿಂದ ಬೇಸಿಗೆಯಲ್ಲಿ ಮರುದಿನಕ್ಕೆ ಇಡಬೇಡಿ, ಮೂಸಿ ನೋಡಿ ಹುಳಿ ವಾಸನೆ ಇದ್ದರೆ ಕೊಳ್ಳಬೇಡಿ.

ಹಂತ 9: ಊರಿಗೆ ಒಯ್ಯುವುದು

ಬಿಸಿ ರೊಟ್ಟಿ ಕಟ್ಟಿಸಿಕೊಂಡು ರೈಲು ಹತ್ತಬೇಡಿ, ಹತ್ತಿರದ ವಾಡಿ ಜಂಕ್ಷನ್ ದಾಟುವಷ್ಟರಲ್ಲಿ ಬೆವತು ಮೆತ್ತಗಾಗುತ್ತದೆ. ಒಯ್ಯಬೇಕಾದದ್ದು ಕಟಕ್ ರೊಟ್ಟಿ. ಜಿಲ್ಲೆಯ ಮಹಿಳಾ ಸ್ವಸಹಾಯ ಸಂಘದವರು ಮಾಡಿದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಬಿಡಿಯಾಗಿ ಕೊಳ್ಳುವಾಗ ಕಟ್ಟಿನ ನಡುವಿನಿಂದ ಒಂದು ರೊಟ್ಟಿ ತೆಗೆದು ಮುರಿದು ನೋಡಿ. ಮೇಲಿನವು ಗರಿಗರಿ ಇದ್ದು ನಡುವಿನವು ಬಗ್ಗಿದರೆ ಪೂರ್ತಿ ಒಣಗಿಲ್ಲ, ವಾರದೊಳಗೆ ಬೂಸಲು ಹಿಡಿಯುತ್ತದೆ.

ತೊಗರಿ ಬೇಳೆ ಒಯ್ಯದೆ ಹೋಗುವವರು ಕಡಿಮೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ (ಇಂಥ ಊರಿನಲ್ಲಿ ಬೆಳೆದದ್ದಕ್ಕೇ ಈ ಹೆಸರು ಎನ್ನುವ ಕಾನೂನಿನ ಗುರುತು) ಗುಲಬರ್ಗಾ ತೊಗರಿ ಬೇಳೆ ಎಂಬ ಹೆಸರಿನಲ್ಲೇ ಸಿಕ್ಕಿದೆ. ಸುಣ್ಣದ ಕಲ್ಲಿನ ಮೇಲಿನ ಕಪ್ಪು ನೆಲದ ಈ ಬೇಳೆ ಬೇಗ ಬೇಯುತ್ತದೆ ಎನ್ನುವುದೇ ಇದರ ಹೆಸರು. ನೆಹರು ಗಂಜಿನ ಕಡೆ ದಾಲ್ ಮಿಲ್ಲಿನ ಸರಕು ಸಿಗುತ್ತದೆ. ಕೊಳ್ಳುವಾಗ ಹಿಡಿ ಬೇಳೆ ಅಂಗೈಗೆ ಸುರಿದುಕೊಂಡು ಉಜ್ಜಿ. ಕೈಗೆ ಜಿಡ್ಡು ಹತ್ತಿದರೆ, ಬೇಳೆ ಗಾಜಿನಂತೆ ಮಿಂಚಿದರೆ ಪಾಲಿಶ್ ಮಾಡಿದ್ದು. ಮಂಕಾಗಿದ್ದು ತುಸು ಹಿಟ್ಟು ಹತ್ತುವಂಥದ್ದೇ ಬೇಕಾದದ್ದು. ಹುಳ ಬೀಳದಿರಲು ಮನೆಗೆ ಹೋದೊಡನೆ ಒಂದು ದಿನ ಬಿಸಿಲಿಗೆ ಹಾಕಿ, ಆರಿಸಿ, ಡಬ್ಬಿ ತುಂಬಿ.

ಶೇಂಗಾ ಹಿಂಡಿಯನ್ನು ಕಾಲು ಕೆಜಿಗಿಂತ ಹೆಚ್ಚು ಒಯ್ಯಬೇಡಿ. ಶೇಂಗಾದ ಎಣ್ಣೆ ತಿಂಗಳಲ್ಲೇ ಮುಗ್ಗಲು ವಾಸನೆ ಬರಿಸುತ್ತದೆ. ಅಗಸಿ ಹಿಂಡಿ ಇನ್ನೂ ಬೇಗ. ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟರೆ ಊರು ಮುಟ್ಟಿದ ಕೂಡಲೇ ಗಾಜಿನ ಬಾಟಲಿಗೆ ಹಾಕಿ, ಒದ್ದೆ ಚಮಚ ಸೋಕಿಸಬೇಡಿ.